ಪ್ಯಾಡ್ ಬದಲಿಸಿದ ಮೇಲೆ ‘ಟಕ್’ ಎಂದರೆ: ಬ್ರೇಕ್ ಬೋಲ್ಟುಗಳ ದೋಷ ಹುಡುಕುವ ಬಗೆ

ಚಕ್ರದ ಜೊತೆ ಸುತ್ತುವ ಲೋಹದ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಹೊಸದನ್ನು ಕೂರಿಸಿ, ಚಕ್ರ ಹಾಕಿ, ಕೈ ತೊಳೆದುಕೊಂಡು ಗಾಡಿಯನ್ನು ಹೊರಗೆ ತೆಗೆದಿದ್ದೀರಿ. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಎಡ ಚಕ್ರದ ಕಡೆಯಿಂದ ‘ಟಕ್’ ಎಂದು ಒಂದೇ ಒಂದು ಸದ್ದು. ನಿನ್ನೆಯವರೆಗೆ ಅದು ಇರಲಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು: ಪ್ಯಾಡ್ ಮಾಡಿದವರನ್ನು ಬೈಯುವುದು, ಇಲ್ಲವೇ ಇದ್ದಬದ್ದ ಬೋಲ್ಟುಗಳಿಗೆಲ್ಲ ಇನ್ನರ್ಧ ಸುತ್ತು ಬಿಗಿ ಕೊಡುವುದು. ಮೊದಲನೆಯದರಿಂದ ಯಾರಿಗೂ ನಷ್ಟವಿಲ್ಲ. ಎರಡನೆಯದರಿಂದ ಇದೆ.

ದುರಸ್ತಿಯ ನಂತರ ಹುಟ್ಟಿದ ದೋಷವನ್ನು ದುರಸ್ತಿಯಲ್ಲೇ ಹುಡುಕಬೇಕು. ಕೊನೆಗೆ ಕೈ ಇಟ್ಟದ್ದನ್ನು ಮೊದಲು ನೋಡಿ. ಆದರೆ ನೋಡುವ ಮುನ್ನ ಗಾಡಿ ಓಡಿಸುವ ಸ್ಥಿತಿಯಲ್ಲಿದೆಯೇ ಎಂದು ತೀರ್ಮಾನಿಸಿಕೊಳ್ಳಿ. ಪೆಡಲ್ ನೆಲಕ್ಕೆ ಇಳಿಯುತ್ತಿದ್ದರೆ, ಎಲ್ಲಾದರೂ ದ್ರವ ತೊಟ್ಟಿಕ್ಕುತ್ತಿದ್ದರೆ, ಚಕ್ರದ ವೇಗಕ್ಕೆ ತಕ್ಕಂತೆ ಸದ್ದು ಏರುತ್ತಿದ್ದರೆ ಅಲ್ಲಿಯೇ ನಿಲ್ಲಿಸಿ. ‘ಮನೆಯವರೆಗೆ ಮೆಲ್ಲಗೆ ಹೋಗಿಬಿಡೋಣ’ ಎಂಬುದು ಬ್ರೇಕಿನ ವಿಷಯದಲ್ಲಿ ನಡೆಯುವುದಿಲ್ಲ. ಎತ್ತಿ ನೋಡುವಾಗ ಸಮತಟ್ಟು ನೆಲ, ಎದುರು ಚಕ್ರಗಳಿಗೆ ಅಡ್ಡಗಲ್ಲು, ಜಾಕಿನ ಜೊತೆಗೆ ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ.

ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ಯಾಡ್ ಬದಲಿಸಲು, ಅದನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತೀರಿ. ಹಾಗಾಗಿ ಮೊದಲ ಬಾರಿ ಒತ್ತಿದಾಗ ಪೆಡಲ್ ಕೆಳಗೆ ಹೋಗುವುದು ಸಹಜ; ಅದು ದೋಷವಲ್ಲ. ಗಾಡಿ ಕದಲುವ ಮುನ್ನ ನಿಂತಲ್ಲೇ ಹತ್ತಾರು ಸಲ ಪೆಡಲ್ ಒತ್ತಿ, ಅದು ಗಟ್ಟಿಯಾದ ಮೇಲೆ ಗೇರಿಗೆ ಹಾಕಿ. ಇದನ್ನು ಮರೆತು ಎದುರಿನ ಗೋಡೆಗೆ ಗಾಡಿ ತಾಗಿಸಿದವರು ಬೇಕಾದಷ್ಟು ಮಂದಿ ಇದ್ದಾರೆ.

ಕೈಗೆ ಬಿಗಿ, ಬೋಲ್ಟಿಗೆ ಸಡಿಲ

ಬೋಲ್ಟ್ ಬಿಗಿಯುವುದೆಂದರೆ ಅದನ್ನು ತಿರುಗಿಸುವುದಲ್ಲ, ಎಳೆದು ಹಿಗ್ಗಿಸುವುದು. ಬಿಗಿದ ಬೋಲ್ಟ್ ಕಣ್ಣಿಗೆ ಕಾಣದಷ್ಟು ಉದ್ದವಾಗಿರುತ್ತದೆ; ಮತ್ತೆ ಕುಗ್ಗಲು ಹವಣಿಸುವ ಆ ಸೆಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ತೊಡಕೆಂದರೆ, ನಾವು ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಈ ಹಿಗ್ಗಿಸುವ ಕೆಲಸಕ್ಕೆ ಸೇರುತ್ತದೆ. ಉಳಿದದ್ದೆಲ್ಲ ಬೋಲ್ಟಿನ ತಲೆಯ ಅಡಿಯಲ್ಲಿ ಮತ್ತು ತಿರುಪಿನ ಸುತ್ತುಗಳಲ್ಲಿ ಉಜ್ಜಾಟಕ್ಕೆ ಹೋಗುತ್ತದೆ. ಕೈಗಾಗಲಿ ಟಾರ್ಕ್ ವ್ರೆಂಚಿಗಾಗಲಿ (ಇಟ್ಟ ಅಂಕಿಯಷ್ಟು ತಿರುಚುಬಲ ಬಂದೊಡನೆ ‘ಕ್ಲಿಕ್’ ಎನ್ನುವ ಸ್ಪ್ಯಾನರ್) ತಿಳಿಯುವುದು ಒಟ್ಟು ಮೊತ್ತ. ಒಳಗೆ ಹಿಡಿತ ಎಷ್ಟು, ಉಜ್ಜಾಟ ಎಷ್ಟು ಎಂಬುದು ಅವೆರಡಕ್ಕೂ ಗೊತ್ತಾಗುವುದಿಲ್ಲ.

ಸುತ್ತುಗಳಲ್ಲಿ ತುಕ್ಕು, ಮಣ್ಣು, ಒಣಗಿದ ಅಂಟು ಇದ್ದರೆ ವ್ರೆಂಚ್ ಬೇಗ ‘ಕ್ಲಿಕ್’ ಎನ್ನುತ್ತದೆ. ಹಿಡಿತ ಮಾತ್ರ ಅರ್ಧದಷ್ಟೂ ಬಾರದಿರಬಹುದು. ಅದೇ ಸುತ್ತುಗಳಿಗೆ ಎಣ್ಣೆ ಬಿದ್ದಿದ್ದರೆ ಅದೇ ಅಂಕಿಗೆ ಹಿಡಿತ ಮಿತಿಮೀರಿ ಬೋಲ್ಟ್ ತಾಳಲಾರದಷ್ಟು ಎಳೆಯಲ್ಪಡುತ್ತದೆ. ಕೈಪಿಡಿಯಲ್ಲಿ ಬೇರೆ ಹೇಳದಿದ್ದರೆ ಅಂಕಿಗಳು ಸ್ವಚ್ಛವಾದ, ಒಣಗಿದ ಸುತ್ತುಗಳಿಗೆ ಎಂದು ತಿಳಿಯಿರಿ.

ಅಂಕಿಗಳ ಅಂದಾಜು ಕೈಯಲ್ಲಿರಲಿ. ಪಿಸ್ಟನ್ ಇರುವ ಇಕ್ಕಳದಂಥ ಭಾಗ ಕ್ಯಾಲಿಪರ್; ಅದು ಅತ್ತಿತ್ತ ಸರಿಯಲು ಇರುವ ಕಂಬಿಗಳು ಸ್ಲೈಡ್ ಪಿನ್ನುಗಳು; ಅದನ್ನು ಹೊರುವ ಚೌಕಟ್ಟು ಬ್ರಾಕೆಟ್. ತಿರುಚುಬಲ ಅಳೆಯುವ ಮಾನ ನ್ಯೂಟನ್ ಮೀಟರ್. ಸಾಮಾನ್ಯ ಕಾರುಗಳಲ್ಲಿ ಕ್ಯಾಲಿಪರಿನ ಸ್ಲೈಡ್ ಪಿನ್ ಬೋಲ್ಟ್ 25ರಿಂದ 35 ನ್ಯೂಟನ್ ಮೀಟರ್, ಕ್ಯಾಲಿಪರ್ ಬ್ರಾಕೆಟ್ಟನ್ನು ಹಿಡಿಯುವ ದಪ್ಪ ಬೋಲ್ಟ್ 100ರ ಆಸುಪಾಸು, ಚಕ್ರದ ನಟ್ಟು 100ರಿಂದ 120, ಬ್ರೇಕ್ ದ್ರವದ ಹೋಸನ್ನು ಕ್ಯಾಲಿಪರಿಗೆ ಕೂಡಿಸುವ ಬ್ಯಾಂಜೊ ಬೋಲ್ಟ್ 20ರಿಂದ 35, ದ್ರವದೊಳಗಿನ ಗಾಳಿ ತೆಗೆಯುವ ಬ್ಲೀಡರ್ ತಿರುಪು 10ರ ಸುತ್ತ. ಇವು ದಾರಿ ತಪ್ಪದಿರಲು ಕೊಟ್ಟ ಅಂದಾಜು ಮಾತ್ರ. ಬಿಗಿಯುವಾಗ ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. 25 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 12 ಕಿಲೋ ತೂಕ ತೂಗಿಬಿಟ್ಟರೆ 30 ನ್ಯೂಟನ್ ಮೀಟರ್. 40 ಕಿಲೋ ತೂಗಿಬಿಟ್ಟರೆ 100. ಒಂದೇ ಕ್ಯಾಲಿಪರಿನಲ್ಲಿ ಅಂಗೈ ಅಂತರದಲ್ಲಿರುವ ಎರಡು ಬೋಲ್ಟುಗಳ ನಡುವೆ ಇರುವ ವ್ಯತ್ಯಾಸ ಅಷ್ಟು. ‘ಎಲ್ಲವನ್ನೂ ಚೆನ್ನಾಗಿ ಬಿಗಿದೆ’ ಎನ್ನುವವರು ಒಂದನ್ನು ಸಡಿಲ ಬಿಟ್ಟಿರುತ್ತಾರೆ, ಇಲ್ಲವೇ ಇನ್ನೊಂದರ ಕುತ್ತಿಗೆ ಹಿಸುಕಿರುತ್ತಾರೆ.

ಅಳತೆಯ ಮಾನವನ್ನೂ ನೋಡಿಕೊಳ್ಳಿ. ಕೆಲವು ವ್ರೆಂಚುಗಳಲ್ಲಿ ನ್ಯೂಟನ್ ಮೀಟರ್ ಒಂದು ಬದಿಗೆ, ಫುಟ್-ಪೌಂಡ್ ಇನ್ನೊಂದು ಬದಿಗೆ ಇರುತ್ತದೆ. 1 ಫುಟ್-ಪೌಂಡ್ ಎಂದರೆ 1.36 ನ್ಯೂಟನ್ ಮೀಟರ್. 80ಕ್ಕೆ ಬಿಗಿಯಬೇಕಾದದ್ದನ್ನು ತಪ್ಪು ಬದಿಯ 80ಕ್ಕೆ ಬಿಗಿದರೆ 108 ಆಯಿತು. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ-ಮೀಟರ್ ಮಾನ ಸಿಗುತ್ತದೆ. ಅಲ್ಲಿ 1 ಎಂದರೆ ಇಲ್ಲಿ ಸುಮಾರು 9.8.

ಲಕ್ಷಣ ಒಂದು: ಬ್ರೇಕ್ ಒತ್ತಿದಾಗ ಟಕ್

ಮೊದಲು ಸದ್ದಿನ ಜಾತಿ ಗುರುತಿಸಿ. ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಮುಂದಕ್ಕೆ ಹೋಗಿ ಬ್ರೇಕ್ ಒತ್ತಿ. ಆಮೇಲೆ ರಿವರ್ಸಿನಲ್ಲಿ ಹಾಗೆಯೇ ಮಾಡಿ. ದಿಕ್ಕು ಬದಲಾದ ಮೊದಲ ಬ್ರೇಕಿಗೆ ಒಂದು ಸಲ ಟಕ್ ಎಂದು, ಅದೇ ದಿಕ್ಕಿನಲ್ಲಿ ಎರಡನೆಯ ಸಲಕ್ಕೆ ಸುಮ್ಮನಾದರೆ ಯಾವುದೋ ಭಾಗ ತನ್ನ ಜಾಗದಲ್ಲಿ ಹಿಂದೆ ಮುಂದೆ ಜರುಗುತ್ತಿದೆ ಎಂದರ್ಥ. ಒಂದೋ ಪ್ಯಾಡಿನ ಕಿವಿ ಬ್ರಾಕೆಟ್ಟಿನಲ್ಲಿ ಸಡಿಲವಾಗಿದೆ, ಇಲ್ಲವೇ ಬ್ರಾಕೆಟ್ಟೇ ಸಡಿಲವಾಗಿದೆ. ಹದಗೆಟ್ಟ ರಸ್ತೆಯಲ್ಲಿ ಗಡಗಡ ಎಂದು, ಪೆಡಲಿಗೆ ಕಾಲು ತಾಗಿಸಿದೊಡನೆ ನಿಂತರೆ ಪ್ಯಾಡಿನ ಕ್ಲಿಪ್ಪು ಅಥವಾ ಸ್ಲೈಡ್ ಪಿನ್ ಕಡೆಗೆ ನೋಡಿ. ಬ್ರೇಕ್ ಒತ್ತಲಿ ಬಿಡಲಿ, ಚಕ್ರ ಸುತ್ತಿದಂತೆ ಟಿಕ್ ಟಿಕ್ ಎಂದರೆ ತಡಮಾಡದೆ ಚಕ್ರದ ನಟ್ಟುಗಳನ್ನು ನೋಡಿ.

ಚಕ್ರ ತೆಗೆದು ಕ್ಯಾಲಿಪರನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತೇಲುವ ಕ್ಯಾಲಿಪರ್ ಪಿನ್ನುಗಳ ಉದ್ದಕ್ಕೆ ಅತ್ತಿತ್ತ ಸರಿಯಬೇಕು; ಅದು ಅದರ ಕೆಲಸ. ಬ್ರಾಕೆಟ್ ಮಾತ್ರ ಯಾವ ದಿಕ್ಕಿಗೂ ಕೂದಲಷ್ಟೂ ಅಲುಗಬಾರದು. ಬ್ರಾಕೆಟ್ ಮತ್ತು ಅದು ಕೂರುವ ನಕಲ್ (ಚಕ್ರದ ನಡುಭಾಗವನ್ನು ಹೊರುವ ಲೋಹದ ಭಾಗ) ಸೇರುವ ಗೆರೆಯ ಮೇಲೆ ಬೆರಳಿಟ್ಟು ಅಲ್ಲಾಡಿಸಿದರೆ, ಕಣ್ಣಿಗೆ ಕಾಣದ ಅಲುಗಾಟವೂ ಬೆರಳಿಗೆ ತಿಳಿಯುತ್ತದೆ.

ನನ್ನದೇ ಗಾಡಿಯಲ್ಲಿ ಆದದ್ದನ್ನು ಹೇಳುತ್ತೇನೆ. ಬ್ರಾಕೆಟ್ ಬೋಲ್ಟನ್ನು ಕೈಪಿಡಿಯ ಅಂಕಿಗೇ ಇಟ್ಟು, ವ್ರೆಂಚ್ ಕ್ಲಿಕ್ ಎಂದ ಮೇಲೆಯೇ ಬಿಟ್ಟಿದ್ದೆ. ಮೂರನೆಯ ದಿನ ಟಕ್. ಬಿಚ್ಚಿ ನೋಡಿದರೆ ಬೋಲ್ಟ್ ಸುಲಭವಾಗಿ ಸಡಿಲಾಯಿತು. ಆದರೆ ಪೂರ್ತಿ ಹೊರಗೆ ತೆಗೆಯಲು ಕೊನೆಯ ಸುತ್ತಿನವರೆಗೂ ಸ್ಪ್ಯಾನರ್ ಬೇಕಾಯಿತು. ಬೆರಳಿಗೆ ತಿರುಗುತ್ತಲೇ ಇರಲಿಲ್ಲ. ಸುತ್ತುಗಳ ನಡುವೆ ಕಾರ್ಖಾನೆಯಲ್ಲಿ ಹಚ್ಚಿದ್ದ ಹಳೆಯ ಥ್ರೆಡ್ ಲಾಕರ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಒಣಗಿ ಮಾಸಲು ನೀಲಿ ಪುಡಿಯಾಗಿ ತುಂಬಿಕೊಂಡಿತ್ತು. ನಾನು ಹಾಕಿದ ಬಲದ ದೊಡ್ಡ ಪಾಲನ್ನು ತಿಂದದ್ದು ಆ ಪುಡಿ. ತಂತಿಯ ಬ್ರಶ್ಶಿನಿಂದ ಬೋಲ್ಟನ್ನು ಉಜ್ಜಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ರಂಧ್ರವನ್ನೂ ತೊಳೆದು ಒಣಗಿಸಿದ ಮೇಲೆ ಅದೇ ಬೋಲ್ಟ್ ತಲೆ ಕೂರುವವರೆಗೆ ಎರಡು ಬೆರಳಲ್ಲಿ ಇಳಿಯಿತು. ಅಲ್ಲಿಂದಾಚೆಗೆ ನಾನು ಈ ಪರೀಕ್ಷೆಯನ್ನು ಬಿಟ್ಟಿಲ್ಲ: ಸ್ಪ್ಯಾನರ್ ಮುಟ್ಟುವ ಮುನ್ನ ಬೋಲ್ಟ್ ಬೆರಳಲ್ಲೇ ಕೊನೆಯವರೆಗೆ ಇಳಿಯಬೇಕು. ಇಳಿಯದಿದ್ದರೆ ಟಾರ್ಕ್ ಅಂಕಿಗೆ ಅರ್ಥವೇ ಇಲ್ಲ. ಕೈಪಿಡಿ ಕೇಳುವ ಕಡೆ ಮಧ್ಯಮ ಬಲದ ಹೊಸ ಥ್ರೆಡ್ ಲಾಕರಿನ ಒಂದೆರಡು ಹನಿ ಸಾಕು. ಕೆಲವು ಗಾಡಿಗಳಲ್ಲಿ ಈ ಬೋಲ್ಟ್ ಒಂದೇ ಬಳಕೆಯದು. ಹಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದನ್ನೇ ಹಾಕಬೇಕು.

ಇದರ ಅಣ್ಣನಂಥ ಇನ್ನೊಂದು ತಪ್ಪಿದೆ. ಮೇಲಿನ ಮತ್ತು ಕೆಳಗಿನ ಬೋಲ್ಟ್ ಉದ್ದದಲ್ಲಿ ಬೇರೆಯಾಗಿದ್ದು ಅದಲುಬದಲಾದರೆ, ಉದ್ದದ ಬೋಲ್ಟ್ ಕುರುಡು ರಂಧ್ರದ (ಆಚೆ ಬದಿಗೆ ತೆರೆಯದ ರಂಧ್ರ) ತಳಕ್ಕೆ ತಾಗಿ ನಿಲ್ಲುತ್ತದೆ. ವ್ರೆಂಚ್ ಗಟ್ಟಿಯಾಗಿ ಕ್ಲಿಕ್ ಎನ್ನುತ್ತದೆ, ತಲೆಯ ಕೆಳಗೆ ಹಿಡಿತ ಸೊನ್ನೆ. ರಂಧ್ರದ ತಳದಲ್ಲಿ ಕಸ ಅಥವಾ ದ್ರವ ನಿಂತಿದ್ದರೂ ಇದೇ ಗತಿ. ಬಿಚ್ಚುವಾಗಲೇ ರಟ್ಟಿನ ಮೇಲೆ ಕ್ಯಾಲಿಪರಿನ ಚಿತ್ರ ಗೀಚಿ ಬೋಲ್ಟುಗಳನ್ನು ಆಯಾ ಜಾಗದಲ್ಲಿ ಚುಚ್ಚಿಟ್ಟರೆ ಈ ತಲೆನೋವು ಬರುವುದಿಲ್ಲ.

ಸ್ಲೈಡ್ ಪಿನ್ನಿನ ಮೋಸ ಬೇರೆ ಬಗೆಯದು. ಬೋಲ್ಟ್ ಬಿಗಿಯುವಾಗ ಹಲವು ಕ್ಯಾಲಿಪರುಗಳಲ್ಲಿ ಪಿನ್ನು ತಾನೂ ಜೊತೆಗೆ ತಿರುಗುತ್ತದೆ. ನೀವು ಬಿಗಿದೆ ಎಂದುಕೊಂಡಿರುತ್ತೀರಿ. ನಿಜಕ್ಕೂ ಪಿನ್ನು ರಬ್ಬರ್ ಟೊಪ್ಪಿಯನ್ನು ಹಿಂಡುತ್ತಾ ಸುತ್ತುತ್ತಿರುತ್ತದೆ. ಪಿನ್ನಿನ ಕುತ್ತಿಗೆಯಲ್ಲಿರುವ ಚಪ್ಪಟೆ ಮುಖಗಳಿಗೆ ತೆಳು ಸ್ಪ್ಯಾನರ್ ಕೊಟ್ಟು ಹಿಡಿದೇ ಬಿಗಿಯಬೇಕು. ಟೊಪ್ಪಿಯ ಮಡಿಕೆಗಳು ತಿರುಚಿ ಹಗ್ಗದಂತೆ ಕಂಡರೆ ಆ ಬೋಲ್ಟನ್ನು ಮತ್ತೆ ಬಿಚ್ಚಿ.

ಲಕ್ಷಣ ಎರಡು: ಪೆಡಲ್ ನಡುಗುತ್ತದೆ

ಬ್ರೇಕ್ ಹಿಡಿದಾಗ ಸ್ಟೀರಿಂಗ್ ಅದುರಿದರೆ ಹೆಚ್ಚಾಗಿ ಮುಂದಿನ ಚಕ್ರಗಳು, ಸೀಟು ಅದುರಿದರೆ ಹಿಂದಿನವು. ‘ಡಿಸ್ಕ್ ಬಾಗಿದೆ’ ಎಂಬುದು ಎಲ್ಲರ ಬಾಯಲ್ಲೂ ಬರುವ ಮಾತು. ಬಾಗಿರುವುದಕ್ಕಿಂತ ಓರೆಯಾಗಿ ಕೂತಿರುವುದೇ ಹೆಚ್ಚು. ಡಿಸ್ಕ್ ಮತ್ತು ಅದೂ ಚಕ್ರವೂ ಕೂರುವ ನಡುಭಾಗವಾದ ಹಬ್ಬಿನ ನಡುವೆ ತುಕ್ಕಿನ ಒಂದು ಚಕ್ಕೆ ಸಿಕ್ಕಿಕೊಂಡರೆ ಸಾಕು. ಹಲವು ಕಾರುಗಳಲ್ಲಿ ಡಿಸ್ಕಿನ ಅಂಚಿನ ಓಲಾಟಕ್ಕೆ ಇರುವ ಮಿತಿ ಮಿಲಿಮೀಟರಿನ ನೂರನೇ 5ರಿಂದ 10 ಭಾಗ, ಅಂದರೆ ತಲೆಗೂದಲಿನ ದಪ್ಪ. ಹಬ್ಬಿನ ಹತ್ತಿರ ಸಿಕ್ಕಿದ ಚಕ್ಕೆಯ ಓರೆ ಅಂಚಿಗೆ ಹೋಗುವಷ್ಟರಲ್ಲಿ ಇನ್ನೂ ಹಿಗ್ಗಿರುತ್ತದೆ.

ಈ ದೋಷಕ್ಕೆ ಕಾಲದ ಸುಳಿವೂ ಇದೆ. ಕೆಲಸ ಮುಗಿದ ಮೊದಲ ಓಟದಲ್ಲೇ ನಡುಕ ಬಂದರೆ ಡಿಸ್ಕ್ ಅಥವಾ ಚಕ್ರ ಸರಿಯಾಗಿ ಕೂತಿಲ್ಲ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಮೆಲ್ಲಗೆ ಶುರುವಾದರೆ, ಸಣ್ಣ ಓಲಾಟ ಪ್ರತಿ ಸುತ್ತಿನಲ್ಲೂ ಪ್ಯಾಡಿಗೆ ಉಜ್ಜಿ ಉಜ್ಜಿ ಡಿಸ್ಕಿನ ದಪ್ಪವನ್ನೇ ಏರುಪೇರು ಮಾಡಿದೆ. ಆಗ ನಟ್ಟು ಸರಿಮಾಡಿದರೂ ನಡುಕ ಹೋಗುವುದಿಲ್ಲ. ಡಿಸ್ಕನ್ನು ಸಾಣೆ ಹಿಡಿಸಬೇಕು ಅಥವಾ ಬದಲಿಸಬೇಕು. ದೋಷ ಹುಟ್ಟಿದ್ದು ಮಾತ್ರ ಅಂದಿನ ನಟ್ಟಿನಲ್ಲಿ ಅಥವಾ ಹಬ್ಬಿನ ತುಕ್ಕಿನಲ್ಲಿ.

ಹಬ್ಬಿನ ಮುಖವನ್ನು ಲೋಹ ಹೊಳೆಯುವವರೆಗೆ ಉಜ್ಜಿ. ನಟ್ಟುಗಳನ್ನು ಮೊದಲು ಬೆರಳಿನಿಂದ ಹಾಕಿ, ಚಕ್ರ ಗಾಳಿಯಲ್ಲಿರುವಾಗಲೇ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಮೆಲ್ಲಗೆ ಕೂರಿಸಿ, ಟಯರ್ ನೆಲಕ್ಕೆ ತಾಗಿದ ಮೇಲೆ ಅದೇ ಕ್ರಮದಲ್ಲಿ ಎರಡು ಹಂತಗಳಲ್ಲಿ ಪೂರ್ಣ ಅಂಕಿಗೆ ತನ್ನಿ. ಸಾಲಾಗಿ ಒಂದರ ಪಕ್ಕ ಒಂದು ಬಿಗಿದರೆ ಡಿಸ್ಕ್ ಒಂದು ಬದಿಗೆ ಮೊದಲು ಒತ್ತಿ ಓರೆಯಾಗಿ ಸಿಕ್ಕಿಬೀಳುತ್ತದೆ. ಇಂಪ್ಯಾಕ್ಟ್ ಗನ್ನನ್ನು ಬಿಚ್ಚಲು ಬಳಸಿ, ಬಿಗಿಯಲು ಬೇಡ. ನಟ್ಟಿನ ಕೂರು ಮುಖವನ್ನೂ ಚಕ್ರದ ರಂಧ್ರವನ್ನೂ ಹೋಲಿಸಿ ನೋಡಿ: ಶಂಕುವಿನಾಕಾರದ ನಟ್ಟಿಗೆ ಶಂಕುವಿನಾಕಾರದ ರಂಧ್ರ, ಗುಂಡು ಮುಖಕ್ಕೆ ಗುಂಡು ರಂಧ್ರ. ಚಕ್ರ ಬದಲಿಸಿ ಹಳೆಯ ನಟ್ಟನ್ನೇ ಹಾಕಿದಾಗ ಇದು ತಪ್ಪುತ್ತದೆ. ಅಂಚು ಮಾತ್ರ ತಾಗಿರುವ ನಟ್ಟು ಎಷ್ಟು ಬಿಗಿದರೂ ಸಡಿಲಾಗುತ್ತದೆ.

ಲಕ್ಷಣ ಮೂರು: ಒದ್ದೆ

ಸೋರಿಕೆ ಕಂಡಾಗ ಕೈ ತಾನಾಗಿ ಸ್ಪ್ಯಾನರಿಗೆ ಹೋಗುತ್ತದೆ. ತಡೆಯಿರಿ. ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ, ಪ್ರತಿ ಕೀಲಿನ ಸುತ್ತ ಟಿಶ್ಯೂ ಕಾಗದ ಸುತ್ತಿ, ಇನ್ನೊಬ್ಬರಿಗೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ. ಯಾವ ಕಾಗದ ಮೊದಲು ಒದ್ದೆಯಾಗುತ್ತದೋ ಅಲ್ಲಿದೆ ಸೋರಿಕೆ. ದ್ರವ ಕೆಳಕ್ಕೆ ಹರಿದು ಬೇರೆ ಕಡೆ ತೊಟ್ಟಿಕ್ಕುವುದರಿಂದ ಬರೀ ಕಣ್ಣಂದಾಜು ಸಾಲದು. ಬಣ್ಣದ ಮೇಲೆ ಬಿದ್ದ ದ್ರವವನ್ನು ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಬ್ಯಾಂಜೊ ಬೋಲ್ಟಿನ ಹತ್ತಿರ ಒದ್ದೆಯಾದರೆ ತಪ್ಪು ಹೆಚ್ಚಾಗಿ ವಾಷರಿನದು. ಹೋಸಿನ ಕಣ್ಣಿನ ಎರಡೂ ಬದಿಗೆ ಒಂದೊಂದು ಮೆತ್ತನೆಯ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಇರುತ್ತದೆ. ಅದು ಒಮ್ಮೆ ಜಜ್ಜಿ ತನ್ನ ಆಕಾರ ಪಡೆದ ಮೇಲೆ ಇನ್ನೊಮ್ಮೆ ಹಾಗೆ ಒಗ್ಗುವುದಿಲ್ಲ. ಹಳೆಯದನ್ನು ಹಾಕಿ ಸೋರಿದಾಗ ಇನ್ನಷ್ಟು ಬಿಗಿಯುತ್ತಾರೆ, ಮತ್ತೂ ಸೋರಿದರೆ ಮತ್ತಷ್ಟು. ಬ್ಯಾಂಜೊ ಬೋಲ್ಟ್ ನಡುವೆ ಟೊಳ್ಳು, ಪಕ್ಕಕ್ಕೆ ತೂತು. ಆ ತೂತಿನ ಹತ್ತಿರವೇ ಅದು ಮುರಿಯುವುದು. ಎರಡು ಹೊಸ ವಾಷರ್, ಸ್ವಚ್ಛ ಮುಖ, ಸರಿಯಾದ ಅಂಕಿ. ಇಷ್ಟಾದ ಮೇಲೂ ಸೋರಿದರೆ ಮುಖದಲ್ಲಿ ಗೀರು ಇದೆ ಎಂದು ಹುಡುಕಿ.

ಬ್ಲೀಡರಿನಲ್ಲಿ ದ್ರವವನ್ನು ತಡೆಯುವುದು ಸುತ್ತುಗಳಲ್ಲ, ತುದಿಯ ಸಣ್ಣ ಶಂಕು. ಅದು ತನ್ನ ಪೀಠದ ಮೇಲೆ ಕೂತರೆ ಮುಗಿಯಿತು. ಗಿಡ್ಡ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ ಸಾಕು. ಉದ್ದ ಹಿಡಿಯ ಸಾಧನವನ್ನು ಅದರ ಹತ್ತಿರ ಸುಳಿಯಲು ಬಿಡಬೇಡಿ. ಮುರಿದರೆ ಕ್ಯಾಲಿಪರಿಗೆ ಸಂಚಕಾರ. ಲೋಹದ ಬ್ರೇಕ್ ಪೈಪನ್ನು ಕೂಡಿಸುವ ಯೂನಿಯನ್ ನಟ್ಟಿಗೆ ಸಾಮಾನ್ಯ ತೆರೆದ ಬಾಯಿಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಐದು ಮುಖ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರನ್ನೇ ಬಳಸಿ. ಅಲ್ಲಿ ಅತಿ ಬಿಗಿ ಎಂದರೆ ಪೈಪಿನ ಅರಳಿದ ತುದಿ ಬಿರುಕು ಬಿಡುವುದು. ಈ ಮೂರರಲ್ಲಿ ಯಾವುದನ್ನು ಬಿಚ್ಚಿ ಕಟ್ಟಿದರೂ ಗಾಳಿ ತೆಗೆಯುವ ಕೆಲಸ ತಪ್ಪುವುದಿಲ್ಲ.

ಬೋಲ್ಟಿಗೆ ಸಂಬಂಧವಿಲ್ಲದವು

ಎಷ್ಟು ಸಲ ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಇದ್ದರೆ ಬ್ಲೀಡರ್ ಎಲ್ಲಿದೆ ಎಂದು ನೋಡಿ. ಅದು ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಎಡ ಬಲದ ಕ್ಯಾಲಿಪರುಗಳು ಅದಲುಬದಲಾಗಿವೆ. ಬೋಲ್ಟುಗಳೆಲ್ಲ ಚಂದವಾಗಿ ಕೂತಿರುತ್ತವೆ, ಗಾಳಿ ಮಾತ್ರ ಮೇಲೆ ಉಳಿದಿರುತ್ತದೆ. ನಗು ಬರುವಂಥ ತಪ್ಪು, ಆದರೆ ಅರ್ಧ ದಿನ ತಿನ್ನುತ್ತದೆ. ಹೊರಗೆಲ್ಲೂ ಸೋರಿಕೆ ಇಲ್ಲದೆ, ಒತ್ತಿ ಹಿಡಿದ ಪೆಡಲ್ ಮೆಲ್ಲಮೆಲ್ಲಗೆ ಇಳಿಯುತ್ತಿದ್ದರೆ ಪೆಡಲಿನ ಒತ್ತನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲುಗಳ ಮೇಲೆ ಅನುಮಾನ ಇಡಿ.

ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಸ್ಲೈಡ್ ಪಿನ್ನುಗಳನ್ನು ಹೊರಗೆಳೆಯಿರಿ. ಕೆಲವು ಕ್ಯಾಲಿಪರುಗಳಲ್ಲಿ ಒಂದು ಪಿನ್ನಿನ ತುದಿಗೆ ರಬ್ಬರ್ ತೋಳು ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಅವು ಮೇಲೆ ಕೆಳಗೆ ಬದಲಾದರೆ ಸಿಕ್ಕಿಕೊಳ್ಳುತ್ತವೆ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಹಚ್ಚಿದ್ದರೆ ರಬ್ಬರ್ ಊದಿರುತ್ತದೆ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಹೋಸ್ ತಿರುಚಿಕೊಂಡಿದೆಯೇ ಎಂದೂ ನೋಡಿ.

ವ್ರೆಂಚಿನ ಮೇಲೂ ಒಂದು ಕಣ್ಣು

40ರಿಂದ 200ರವರೆಗಿನ ದೊಡ್ಡ ವ್ರೆಂಚಿನಲ್ಲಿ 30ರ ಸ್ಲೈಡ್ ಪಿನ್ ಬಿಗಿಯಲಾಗುವುದಿಲ್ಲ; ಕ್ಲಿಕ್ ಕೇಳುವಷ್ಟರಲ್ಲಿ ಸುತ್ತುಗಳೇ ಕಿತ್ತು ಬಂದಿರಬಹುದು. ಸಣ್ಣ ಬೋಲ್ಟುಗಳಿಗೆ ಸಣ್ಣ ವ್ರೆಂಚ್ ಬೇಕು. ಹಿಡಿಯ ನಡುವಿನ ಗುರುತಿನಲ್ಲೇ ಹಿಡಿದು, ಜರ್ಕಿಲ್ಲದೆ ಒಂದೇ ಸಮನೆ ಎಳೆದು, ಒಂದು ಕ್ಲಿಕ್ಕಿಗೆ ನಿಲ್ಲಿಸಿ. ಖಾತ್ರಿಗೆಂದು ಎರಡು ಮೂರು ಸಲ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಹೆಚ್ಚೇ ಬಿಗಿಯುತ್ತದೆ. ಬಿಚ್ಚಲು ಇದನ್ನು ಬಳಸಬೇಡಿ, ಕೆಲಸ ಮುಗಿದ ಮೇಲೆ ಅಂಕಿಯನ್ನು ಅದರ ಕನಿಷ್ಠಕ್ಕೆ ಇಳಿಸಿಡಿ.

ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ದಾಟುವಂತೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಿದ್ದಾಗ, ನಟ್ಟುಗಳನ್ನು ಮತ್ತೊಮ್ಮೆ ಅಂಕಿಗೆ ಪರೀಕ್ಷಿಸಿ. ಬ್ರಾಕೆಟ್ ಬೋಲ್ಟಿನ ಗೆರೆಯನ್ನು ಟಾರ್ಚ್ ಹಿಡಿದು ನೋಡಿ. ಗೆರೆ ನೇರವಾಗಿದ್ದರೆ ಮುಟ್ಟಬೇಡಿ. ತುಸುವೇ ಮುರಿದಿದ್ದರೂ ಸ್ಪ್ಯಾನರ್ ಕೊಟ್ಟು ಗೆರೆ ಕೂಡಿಸಿ ಸುಮ್ಮನಾಗಬೇಡಿ. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಸುತ್ತುಗಳನ್ನೂ ರಂಧ್ರವನ್ನೂ ತೊಳೆದು, ಬೆರಳಲ್ಲಿ ಇಳಿಯುತ್ತದೆಯೇ ಎಂಬಲ್ಲಿಂದ ಮತ್ತೆ ಶುರುಮಾಡಿ.